ಒಂಬತ್ತನೇ ಕೋಣೆಯ ಕೆಂಪು ಗುರುತು

ಊಟದ ಮನೆಯ ಬೋರ್ಡಿನ ಮೇಲೆ ದಾದಿ ‘ಔಷದಿ’ ಎಂದು ಬರೆದದ್ದೇ ತಡ, ಒಂಬತ್ತನೇ ಕೋಣೆಯ ಮೇಷ್ಟ್ರು ತಟ್ಟೆ ಬಿಟ್ಟು ಎದ್ದು ಬಂದರು.

“ಔಷಧಿಗೆ ಮಹಾಪ್ರಾಣ ಬೇಕು ಕಣಮ್ಮ. ಇಲ್ದಿದ್ರೆ ನಮ್ಮ ಪ್ರಾಣ ಹೋಗುತ್ತೆ!”

ಇಡೀ ವೃದ್ಧಾಶ್ರಮ ಗೊಳ್ಳೆಂದಿತು. ಮೇಷ್ಟ್ರು ದಿನಕ್ಕೆ ನಲವತ್ತು ಸಲ ಬೆಲ್ ಒತ್ತಿ ಫ್ಯಾನು ಹಾಕಿಸಿ, ಆರಿಸಿ ಜೀವ ಹಿಂಡುತ್ತಿದ್ದುದನ್ನು ಅವಳು ಸಹಿಸಿದ್ದಳು. ಇದನ್ನು ಸಹಿಸಲಿಲ್ಲ. ಈ ಮನುಷ್ಯ ತನ್ನ ಮಹಡಿಯಲ್ಲಿ ಇರಕೂಡದು ಎಂದು ಅಲ್ಲೇ ತೀರ್ಮಾನಿಸಿಬಿಟ್ಟಳು.

ದಾರಿ ಅವಳ ಕೈಯಲ್ಲೇ ಇತ್ತು. ಪ್ರತಿಯೊಬ್ಬರ ಊಟ, ನಿದ್ದೆ, ಸ್ವಭಾವ ಎಲ್ಲವನ್ನೂ ದಾದಿಯರು ಆಗಿಂದಾಗ್ಗೆ ಟ್ಯಾಬಿನಲ್ಲಿ ಬರೆಯಬೇಕು. ಶುಕ್ರವಾರ ಡಾಕ್ಟರು ಅದನ್ನು ಓದಿ ಯಾರಿಗೆ ಏನು ಬೇಕೆಂದು ಆರೈಕೆ ಬದಲಿಸುತ್ತಾರೆ. ಯಾರಾದರೂ ಕೈ ಮಾಡಿದರೆಂದು ಬರೆದ ಕೂಡಲೇ ಅವರ ಹೆಸರಿನ ಮುಂದೆ ಕೆಂಪು ಗುರುತು ಬೀಳುತ್ತದೆ. ಅವರನ್ನು ಮೇಲಿನ ಮಹಡಿಗೆ ಸಾಗಿಸುತ್ತಾರೆ. ಅಲ್ಲಿ ಬಾಗಿಲಿಗೆ ಸದಾ ಬೀಗ.

ಅವಳು ಅವಸರಪಡಲಿಲ್ಲ. ಮೊದಲ ವಾರ ‘ಊಟ ಅರ್ಧಕ್ಕೆ ಬಿಟ್ಟರು’, ‘ಸಿಡುಕು’, ಅಷ್ಟೇ. ಎರಡನೇ ವಾರ ‘ತಟ್ಟೆ ತಳ್ಳಿದರು’. ನಡುವೆ ಒಂದು ದಿನ ‘ಇಂದು ಶಾಂತವಾಗಿದ್ದರು’ ಎಂದೂ ಸೇರಿಸಿ, ತನ್ನ ಜಾಣತನಕ್ಕೆ ತಾನೇ ತಲೆದೂಗಿದಳು. ಬರೀ ದೂರೇ ಇದ್ದರೆ ಯಾರು ನಂಬುತ್ತಾರೆ?

ಒಮ್ಮೆ ಮಾತ್ರ ಟ್ಯಾಬು ಕೆಳಗಿಟ್ಟು ಪಕ್ಕದ ಕೋಣೆಯತ್ತ ನೋಡಿದಳು. ಹತ್ತನೇ ಕೋಣೆಯಲ್ಲಿದ್ದವರು ಮೇಷ್ಟ್ರ ಹೆಂಡತಿ. ಆಕೆಗೆ ಮರೆವು, ಗಂಡನ ಮುಖವೂ ನೆನಪಿಲ್ಲ, ದನಿಯೊಂದೇ ಗೊತ್ತು. ದಿನಾ ಮಧ್ಯಾಹ್ನ ಅವರು ಪೇಪರ್ ಓದಿ ಹೇಳಿದರೇ ಆಕೆ ನಾಲ್ಕು ತುತ್ತು ತಿನ್ನುವುದು. ‘ಬೇರೆ ಯಾರಾದರೂ ಓದುತ್ತಾರೆ ಬಿಡು,’ ಎಂದು ದಾದಿ ಸಮಾಧಾನ ತಂದುಕೊಂಡಳು.

ಮೂರನೇ ವಾರ ಮೇಷ್ಟ್ರ ಮುಖ ನೋಡಲು ಅವಳಿಗೇ ಒಂಥರಾ ಆಯಿತು. ಜೊತೆಯ ಹಿರಿಯ ದಾದಿಯನ್ನು ಕರೆದು, “ಅಕ್ಕ, ಒಂಬತ್ತಕ್ಕೆ ನೀವೇ ಹೋಗ್ಬನ್ನಿ, ನಂಗೆ ಸೊಂಟ ಹಿಡ್ಕೊಂಡಿದೆ,” ಎಂದಳು. ವಾರವಿಡೀ ಆ ಕೋಣೆಯತ್ತ ತಲೆ ಹಾಕಲಿಲ್ಲ. ಬುಧವಾರ ವರಾಂಡದಲ್ಲಿ ಕೂತು ಕೊನೆಯ ಬಾಣ ಬಿಟ್ಟಳು: ‘ಮಾತ್ರೆ ಕೊಡುವಾಗ ನನ್ನ ಎಡಗೈಯನ್ನು ಬಲವಾಗಿ ಕಚ್ಚಿದರು.’ ಎಡಗೈಗೆ ಅಚ್ಚುಕಟ್ಟಾಗಿ ಬ್ಯಾಂಡೇಜ್ ಸುತ್ತಿಕೊಂಡಳು. ಮೇಷ್ಟ್ರ ಹೆಸರಿನ ಮುಂದೆ ಕೆಂಪು ಗುರುತು ಬಿತ್ತು.

ಶುಕ್ರವಾರ ಡಾಕ್ಟರು ಅವಳನ್ನು ಕರೆಸಿದರು. “ತುಂಬಾ ನೋವಾಯ್ತೇನಮ್ಮ?”

“ಪರವಾಗಿಲ್ಲ ಡಾಕ್ಟ್ರೇ. ವಯಸ್ಸಾದೋರು, ಪಾಪ.”

ಡಾಕ್ಟರು ತಲೆಯಾಡಿಸಿ ಆ ವಾರದ ಬರಹಗಳನ್ನೆಲ್ಲ ಒಂದೊಂದಾಗಿ ಓದತೊಡಗಿದರು. ದಾದಿ ನಿರಾಳವಾಗಿ ಕುರ್ಚಿಗೆ ಒರಗಿದಳು. ಮೂರು ವಾರದಲ್ಲಿ ಅವಳು ಟ್ಯಾಬಿನಲ್ಲಿ ಬರೆದದ್ದೇ ಬರೆದದ್ದು. ಬೇರೆಯವರು ಬರೆದದ್ದನ್ನು ಒಮ್ಮೆಯೂ ಓದಿರಲಿಲ್ಲ. ಡಾಕ್ಟರ ಬೆರಳು ಸೋಮವಾರದ ಮೇಲೆ ನಿಂತಿತು. ಅವಳ ಬ್ಯಾಂಡೇಜನ್ನೊಮ್ಮೆ ನೋಡಿ, ಆ ಹಿರಿಯ ದಾದಿ ಬರೆದಿದ್ದ ಎರಡು ಸಾಲನ್ನು ಗಟ್ಟಿಯಾಗಿ ಓದಿದರು: “ಒಂಬತ್ತನೇ ಕೋಣೆ. ಮೇಲಿನದೂ ಕೆಳಗಿನದೂ ಎರಡೂ ಹಲ್ಲುಸೆಟ್ಟು ರಿಪೇರಿಗೆ ಹೋಗಿವೆ, ಬರುವುದು ಶನಿವಾರ. ಬಾಯಲ್ಲಿ ಸ್ವಂತ ಹಲ್ಲು ಒಂದೂ ಇಲ್ಲ, ಅಲ್ಲಿಯವರೆಗೆ ಮೆತ್ತಗಿನ ಊಟವೇ ಕೊಡಿ.”