ಮಾವನವರ ಜಾಗದ ಮೂರು ಗಿಡ

ಜೆಜು ದ್ವೀಪದ ನನ್ನ ಹೊಲದಲ್ಲಿ, ಸುಡುಬಿಸಿಲಿನಲ್ಲಿ ನಡೆದದ್ದು ಇದು. ನಾನು ಸುಳ್ಳು ಹೇಳುವವಳಲ್ಲ.

ಕಳೆ ಕೀಳುವ ಯಂತ್ರ ತಂದಿದ್ದ ಎಂಜಿನಿಯರ್ ಪ್ಯೊನ್, ಸೆನ್ಸರ್ ಒಂದೊಂದು ಎಲೆಕೋಸನ್ನೂ ಬೇರೆಯಾಗಿ ಗುರುತಿಸಬೇಕಾದರೆ ಗಿಡಗಳ ನಡುವೆ ಗೇಣು ಜಾಗವಿರಬೇಕು, ಎಲೆಯ ಮೇಲೆ ಇಬ್ಬನಿ ಇರಬಾರದು ಎಂದಿದ್ದ. ಎಲ್ಲ ಹಾಗೇ ಮಾಡಿದ್ದೆ. ಆದರೂ, ಮಾವನವರ ಸಮಾಧಿ ಮೊದಲಿದ್ದ ಜಾಗದಲ್ಲಿ, ನಾನು ಏನೂ ನೆಡದೆ ಬಿಟ್ಟಿದ್ದ ಬರಿನೆಲದ ಮೇಲೆ, ಯಂತ್ರದ ಪರದೆ ಮೂರು ಗಿಡ ತೋರಿಸಿತು. ಅಲಗು ಅವನ್ನು ಮುಟ್ಟದೆ ಸುತ್ತಿ ಹೋಯಿತು.

"ನೀವೇ ಏನೋ ನೆಟ್ಟು ಮರೆತಿರ್ತೀರಮ್ಮ. ನಮ್ಮ ಸೆನ್ಸರ್ ತಪ್ಪು ಮಾಡಲ್ಲ."

"ಕಣ್ಣಿದೆಯೇನಯ್ಯಾ ನಿನಗೆ? ಎಲ್ಲಿದೆ ತೋರ್ಸು ಗಿಡ!"

ನನಗೆ ಮೈಯೆಲ್ಲ ಉರಿಯಿತು. ಬಗ್ಗಿ ಆ ಬರಿನೆಲ ಮುಟ್ಟಿದೆ. ಹೊಲವೆಲ್ಲ ಕಾದಿದ್ದರೂ ಅಲ್ಲಿನ ಮಣ್ಣು ಮಾತ್ರ ಬಾವಿನೀರಿನಂತೆ ತಣ್ಣಗಿತ್ತು. ಆಗಷ್ಟೇ ಹೆಚ್ಚಿದ ಮೂಲಂಗಿಯ ವಾಸನೆ ಬರುತ್ತಿತ್ತು. ಸಮಾಧಿಯನ್ನು ಬೇರೆಡೆಗೆ ಸಾಗಿಸಿದರೆ, ದೇಹದ ಬದಲಿಗೆ ಗುಂಡಿಯಲ್ಲಿ ಮೂರು ಮೂಲಂಗಿ ಹಾಕಿ ಮುಚ್ಚುವುದು ನಮ್ಮ ಪದ್ಧತಿ. ಆರು ವರ್ಷದ ಹಿಂದೆ ಮಾವನವರ ಸಮಾಧಿ ಸಾಗಿಸಿದಾಗ, ಮೂಲಂಗಿ ಹಾಕಿ ಬಂದೆ ಎಂದು ನನ್ನ ಗಂಡ ಮುನ್‌ಬೋಕ್ ಹೇಳಿದ್ದರು. ಗುದ್ದಲಿ ಹಿಡಿದು ಮೊಣಕಾಲುದ್ದ ಅಗೆದೆ. ಒಂದು ಬೇರೂ ಸಿಗಲಿಲ್ಲ.

ಕಲ್ಲುಗೋಡೆಯ ಹತ್ತಿರ ನಿಂತಿದ್ದ ಗಂಡ ತಲೆ ತಗ್ಗಿಸಿದರು. "ನಾನು ಹಾಕ್ಲೇ ಇಲ್ಲ ಕಣೆ. ಮನೆಗೆ ತಂದ್ಬಿಟ್ಟೆ. ನೀನೇ ಸಾರು ಮಾಡಿದ್ದೆ."

"ನಿಮ್ಮಪ್ಪನ ಗುಂಡೀದನ್ನ ನನ್ನ ಕೈಲಿ ಸಾರು ಮಾಡಿಸಿ ತಿಂದ್ರಾ? ಥೂ!"

ಪ್ಯೊನ್ ಪರದೆಯನ್ನು ನನ್ನ ಕಡೆ ತಿರುಗಿಸಿದ. ನಾನು ಅಗೆದ ಗುಂಡಿಯ ಮೇಲೆ, ಮಣ್ಣೇ ಇಲ್ಲದ ಕಡೆ, ಮೂರೂ ಗಿಡ ಹಾಗೇ ನಿಂತಿದ್ದವು. ಎಲೆಗಳು ಮಾತ್ರ ಆಗಿನದಕ್ಕಿಂತ ಒಂದು ಗೇಣು ಬೆಳೆದಿದ್ದವು.