ಒಂದನೇ ನಂಬರಿನ ಟೇಪು

ಹನ್ನೆರಡನೇ ತಾರೀಕು, ಮಂಗಳವಾರ, ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಊರಿನ ಟಿವಿ ಕೇಂದ್ರದ ಮಾಲೀಕ ಠಾಣೆಗೆ ಬಂದ. ಬರೆದು ತಂದಿದ್ದ ದೂರನ್ನು ಇನ್ಸ್‌ಪೆಕ್ಟರ್ ಮೇಜಿನ ಮೇಲಿಟ್ಟು, ಕೂರುವ ಮೊದಲೇ ಮಾತು ಶುರು ಮಾಡಿದ.

"ಹತ್ತು ನಲವತ್ತೆರಡಕ್ಕೆ ಪ್ರಸಾರ ನಿಂತುಹೋಯ್ತು ಸಾರ್. ಸರ್ವರ್ ಮೇಲೆ ಯಾರೋ ನೀರು ಸುರಿದಿದಾರೆ. ಇಡೀ ಊರಿನ ಟಿವಿಯಲ್ಲಿ ಬರೀ ನೀಲಿ ಪರದೆ!"

"ಏನಾದ್ರೂ ಕಳುವಾಗಿದ್ಯಾ?"

"ಒಂದು ಹಳೇ ಟೇಪು. ಒಂದನೇ ನಂಬರಿಂದು. ಉಳಿದದ್ದೆಲ್ಲ ಹೋಗಿದ್ರೂ ಪರವಾಗಿರಲಿಲ್ಲ."

"ಯಾರ ಮೇಲಾದ್ರೂ ಅನುಮಾನ?"

"ಅನುಮಾನ ಏನು ಬಂತು ಸಾರ್. ಎರಡು ತಿಂಗಳ ಹಿಂದೆ ನಮ್ಮ ಕ್ಯಾಮೆರಾದವನನ್ನ ಕೆಲಸದಿಂದ ತೆಗೆದೆ. ಹೋಗೋವಾಗ 'ನಿನ್ನ ಅಂಗಡಿ ಮುಚ್ಚಿಸ್ತೀನಿ' ಅಂತ ಕೂಗಾಡಿ ಹೋಗಿದ್ದ."

ಹನ್ನೊಂದು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಹೆಡ್‌ಕಾನ್‌ಸ್ಟೆಬಲ್ ಸಮಯವನ್ನು ಎರಡು ಸಲ ನೋಡಿ ಬರೆದ. ಈ ಅಭ್ಯಾಸಕ್ಕೇ ಠಾಣೆಯಲ್ಲಿ ಅವನನ್ನು ಎಲ್ಲರೂ 'ಗಡಿಯಾರ' ಎನ್ನುತ್ತಿದ್ದರು.

ಕೇಂದ್ರ ಇದ್ದದ್ದು ಪೇಟೆಯ ಹಿಂಬದಿಯ ಒಂದಂತಸ್ತಿನ ಕಟ್ಟಡದಲ್ಲಿ. ಸ್ವಾಗತ ಕೋಣೆ, ಅದರಾಚೆ ಕಿರಿದಾದ ಓಣಿ, ಎಡಕ್ಕೆ ಸ್ಟುಡಿಯೊ, ಬಲಕ್ಕೆ ಪ್ರಸಾರದ ಕೊಠಡಿ. ಕಿಟಕಿಗಳನ್ನೆಲ್ಲ ಸದ್ದು ಬಾರದಂತೆ ದಪ್ಪ ಹಲಗೆ ಹೊಡೆದು ಮುಚ್ಚಿದ್ದರು. ಒಳಗೆ ಬಂದವರಿಗೆ ಹೊರಗೆ ಬಿಸಿಲೋ ಮೋಡವೋ ತಿಳಿಯುತ್ತಿರಲಿಲ್ಲ. ಪಕ್ಕದ ಜೆರಾಕ್ಸ್ ಅಂಗಡಿಯವನನ್ನೂ ಎದುರಿನ ಚಹಾದಂಗಡಿಯವನನ್ನೂ ಪಂಚರಾಗಿ ಕರೆಸಿ, ಹನ್ನೆರಡೂವರೆಗೆ ಪಂಚನಾಮೆ ಶುರುವಾಯಿತು.

ಸರ್ವರ್ ಪೆಟ್ಟಿಗೆ ಆಳೆತ್ತರದ ಕಬ್ಬಿಣದ ಚೌಕಟ್ಟಿನಲ್ಲಿತ್ತು. ಮುಚ್ಚಳ ತೆಗೆಸಿದಾಗ ಒಳಗಿನ ಸರ್ಕ್ಯೂಟ್ ಬೋರ್ಡುಗಳ ಮೇಲೆ ತೆಳುವಾದ ಬಿಳಿ ಪೊರೆ ಕಂಡಿತು. ಇನ್ಸ್‌ಪೆಕ್ಟರ್ ಬಗ್ಗಿ ಮೂಸಿ ನೋಡಿದ. ಕೆಳಗೆ ನೆಲವನ್ನೂ ನೋಡಿದ. ಒಂದು ಹನಿ ನೀರೂ ಇರಲಿಲ್ಲ.

ಟೇಪುಗಳ ಬೀರು ಅದೇ ಕೊಠಡಿಯ ಮೂಲೆಯಲ್ಲಿತ್ತು. ಬೀಗದ ಕೈ ಪಕ್ಕದ ಮೊಳೆಯಲ್ಲೇ ನೇತಾಡುತ್ತಿತ್ತು.

"ಆ ಹೊತ್ತಲ್ಲಿ ನೀನೆಲ್ಲಿದ್ದೆ?" ಇನ್ಸ್‌ಪೆಕ್ಟರ್ ಪ್ರಸಾರ ನೋಡಿಕೊಳ್ಳುವ ಆಪರೇಟರ್‌ನನ್ನು ಕೇಳಿದ.

"ತಾರಸಿ ಮೇಲೆ ಸಾರ್. ಫೋನ್ ಬಂದಿತ್ತು, ಇಲ್ಲಿ ಸಿಗ್ನಲ್ ಸಿಗಲ್ಲ. ಏಳೆಂಟು ನಿಮಿಷ ಅಷ್ಟೇ."

"ಒಳಗೆ ಯಾರು ಬಂದಿದ್ರು?"

"ಯಾರೂ ಬಂದಿಲ್ಲ ಸಾರ್."

ಕಾವಲುಗಾರನೂ ಅದನ್ನೇ ಹೇಳಿದ. ಬಾಗಿಲಿನ ಸಿಸಿಟಿವಿಯಲ್ಲೂ ಹತ್ತರಿಂದ ಹನ್ನೊಂದರವರೆಗೆ ಹೊರಗಿನವರ ಸುಳಿವಿಲ್ಲ.

ಹೋದ ಟೇಪಿನ ಕತೆಯನ್ನು ಮಾಲೀಕ ಉತ್ಸಾಹದಿಂದಲೇ ಹೇಳಿದ. ಇಪ್ಪತ್ತೈದು ವರ್ಷದ ಹಿಂದೆ ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಕೇಂದ್ರ ಶುರುವಾಗಿತ್ತು. ಒಂದು ಕ್ಯಾಮೆರಾ, ಒಂದು ಮೈಕು. ಮಾಲೀಕನೇ ವರದಿಗಾರ, ಅವನ ಹೆಂಡತಿಯೇ ವಾರ್ತೆ ಓದುವವಳು. ನಲ್ಲಿಯಲ್ಲಿ ನೀರು ಬರುವ ಹೊತ್ತು, ಶಾಲೆಯ ಫಲಿತಾಂಶ, ಕಳೆದುಹೋದ ನಾಯಿ, ಯಾರದೋ ಮದುವೆ. ನೋಡುವವರೇ ಇರಲಿಲ್ಲ. ಏಳನೇ ತಿಂಗಳಲ್ಲಿ ಪೇಟೆಯ ಹೊಲಿಗೆ ಅಂಗಡಿಯ ಕಟ್ಟಡ ಕುಸಿಯಿತು. ಅಲ್ಲಿ ಹೊಲಿಯುತ್ತಿದ್ದ ಹೆಂಗಸೊಬ್ಬಳ ಏಳು ವರ್ಷದ ಮಗಳು ಗೋಡೆಯಡಿ ಸಿಕ್ಕಿಕೊಂಡಳು. ಬೀದಿಯುದ್ದ ಕೇಬಲ್ ಎಳೆದು ಒಂಬತ್ತು ಗಂಟೆ ನೇರ ಪ್ರಸಾರ ಮಾಡಿದರು. ಮಗು ಉಳಿಯಲಿಲ್ಲ, ಕೇಂದ್ರ ಉಳಿಯಿತು. ಕಲ್ಲುಮಣ್ಣಿನಡಿಯಿಂದ ಬಂದ 'ಅಮ್ಮಾ, ಇಲ್ಲಿದೀನಿ' ಎಂಬ ದನಿಯೇ ಕೇಂದ್ರದ ಗುರುತಾಯಿತು. ವರ್ಷಕ್ಕೊಂದು ದಿನ ಹಾಕುತ್ತಿದ್ದ ಆ ತುಣುಕನ್ನು, ಇಪ್ಪತ್ತೈದು ತುಂಬಿತೆಂದು, ಈಗ ಒಂದು ತಿಂಗಳಿಂದ ಅರ್ಧ ಗಂಟೆಗೊಮ್ಮೆ ಹಾಕುತ್ತಿದ್ದರು. ಭಾನುವಾರ ದೊಡ್ಡ ಸಮಾರಂಭವಿತ್ತು.

ಸಂಜೆ ಐದಕ್ಕೆ ಇನ್ಸ್‌ಪೆಕ್ಟರ್ ಕ್ಯಾಮೆರಾದವನ ಫೋಟೊ ಅಂಗಡಿಗೆ ಹೋದ.

"ಬೆಳಿಗ್ಗೆ ಹತ್ತೂವರೆಗೆ ಎಲ್ಲಿದ್ದೆ?"

"ಶಾಲೆಯಲ್ಲಿ ಗ್ರೂಪ್ ಫೋಟೊ ತೆಗೀತಿದ್ದೆ ಸಾರ್. ಎಂಬತ್ತನಾಲ್ಕು ಮಕ್ಕಳು. ಅಂದ್ರೆ ಎಂಬತ್ತನಾಲ್ಕು ಸಾಕ್ಷಿ. ಅದ್ರಲ್ಲಿ ಇಬ್ಬರು ಕಣ್ಣು ಮುಚ್ಚಿದಾರೆ, ಅವರನ್ನ ಬಿಡಿ."

ಗಡಿಯಾರ ಶಾಲೆಗೆ ಫೋನ್ ಮಾಡಿದ. ಮುಖ್ಯೋಪಾಧ್ಯಾಯಿನಿ ಹೌದೆಂದರು.

"ಕೆಲಸದಿಂದ ಯಾಕೆ ತೆಗೆದ್ರು?"

ಕ್ಯಾಮೆರಾದವನ ಮುಖದ ನಗು ಹೋಯಿತು. "ಆ ತುಣುಕನ್ನ ಜಾಹೀರಾತಿನ ಥರ ಕತ್ತರಿಸಿಕೊಡು ಅಂದ್ರು. ಆಗಲ್ಲ ಅಂದೆ. ಅವತ್ತು ಅದನ್ನ ಶೂಟ್ ಮಾಡಿದ್ದೇ ನಾನು ಸಾರ್. ಪೂರ್ತಿ ಟೇಪಿನಲ್ಲಿ ಏನಿದೆ ಅಂತ ನನಗೆ ಗೊತ್ತು."

"ಏನಿದೆ?"

"ಸಿಕ್ಕಿದ್ರೆ ನೀವೇ ನೋಡಿ. ನನ್ನ ಬಾಯಿಂದ ಬೇಡ."

ಮರುದಿನ ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಇನ್ಸ್‌ಪೆಕ್ಟರ್ ಮತ್ತೆ ಕೇಂದ್ರಕ್ಕೆ ಬಂದ. ಜೊತೆಯಲ್ಲಿ ಗಡಿಯಾರನೂ ಮಹಿಳಾ ಪೇದೆಯೂ ಇದ್ದರು. ಮಾಲೀಕ ತನ್ನ ಲ್ಯಾಪ್‌ಟಾಪಿನಿಂದಲೇ ಹೇಗೋ ಪ್ರಸಾರ ಶುರು ಮಾಡಿದ್ದ; ಆ ತುಣುಕಿನ ಪ್ರತಿ ಅದರಲ್ಲೂ ಇತ್ತು. ಇನ್ಸ್‌ಪೆಕ್ಟರ್ ಎಲ್ಲರನ್ನೂ ಸ್ಟುಡಿಯೊದಲ್ಲಿ ಸೇರಿಸಿ ಒಂದೇ ಪ್ರಶ್ನೆ ಕೇಳಿದ.

"ಸರ್ವರ್ ಮೇಲೆ ಬಿದ್ದದ್ದು ಫಿನಾಯಿಲ್ ಬೆರೆಸಿದ ನೀರು. ಒಂದು ಬಕೆಟ್ ನೀರು ಸುರಿದ್ರೆ ಅರ್ಧ ನೆಲಕ್ಕೆ ಬೀಳ್ಬೇಕು. ನಾನು ಬಂದಾಗ ನೆಲ ಒಣಗಿತ್ತು. ಒರೆಸಿದ್ದು ಯಾರು?"



"ಅಕ್ಕ ಒರೆಸಿರ್ತಾರೆ ಸಾರ್," ಎಂದ ಆಪರೇಟರ್.

"ನಿನ್ನೆ ಯಾರೂ ಬಂದಿಲ್ಲ ಅಂದ್ಯಲ್ಲ?"

"ಅಕ್ಕ ಅಂದ್ರೆ..." ಆಪರೇಟರ್ ತಡವರಿಸಿದ. "ಅಕ್ಕ ದಿನಾ ಇರ್ತಾರಲ್ಲ ಸಾರ್. ಕಸ ಗುಡಿಸೋ ಅಕ್ಕ. ಅವರನ್ನ ಬಂದವರು ಅಂತ ಹೇಗೆ ಹೇಳೋದು?"

ಅಕ್ಕ ಸ್ವಾಗತ ಕೋಣೆಯಲ್ಲಿ ನೆಲ ಒರೆಸುತ್ತಿದ್ದಳು. ಐವತ್ತೆಂಟರ ಸಣಕಲು ಹೆಂಗಸು. ಪೊಲೀಸರನ್ನು ಕಂಡು ಎದ್ದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು, ಗೋಡೆಗೆ ಒತ್ತಿ ನಿಂತಳು. ತಲೆಯ ಮೇಲೆ, ಗೋಡೆಯಲ್ಲಿ, ದೊಡ್ಡ ಟಿವಿ ಓಡುತ್ತಿತ್ತು. ಅದರ ರಿಮೋಟ್ ಮಾಲೀಕನ ಕೋಣೆಯಲ್ಲಿರುತ್ತಿತ್ತು. ಬೇರೆ ಯಾರೂ ಅದನ್ನು ಆರಿಸುವಂತಿರಲಿಲ್ಲ.

"ಎಷ್ಟು ವರ್ಷದಿಂದ ಇಲ್ಲಿದೀರಮ್ಮ?"

"ಇಪ್ಪತ್ನಾಲ್ಕು."

"ಮನೆ ಎಲ್ಲಿ?"

"ಇಲ್ಲೇ ಹಿಂದೆ. ಕೇಂದ್ರದವರು ಕೊಟ್ಟ ಕೋಣೆ."

ಆ ಕೋಣೆಗೆ ಬೇರೆ ದಾರಿಯಿರಲಿಲ್ಲ. ಅಲ್ಲಿಂದ ಬೀದಿಗೆ ಬರಬೇಕಾದರೆ ಓಣಿ ಹಿಡಿದು ಈ ಸ್ವಾಗತ ಕೋಣೆಯನ್ನು ದಾಟಿಯೇ ಬರಬೇಕು.

ಅಷ್ಟರಲ್ಲಿ ಟಿವಿಯಲ್ಲಿ ತುಣುಕು ಬಂತು. ಧೂಳು, ಜನ, ತೆಳುವಾದ ಒಂದು ದನಿ: 'ಅಮ್ಮಾ, ಇಲ್ಲಿದೀನಿ.' ಗಡಿಯಾರ, ಪೇದೆ ಇಬ್ಬರೂ ತಲೆಯೆತ್ತಿ ನೋಡಿದರು. ಅಕ್ಕ ನೋಡಲಿಲ್ಲ. ಅವಳ ತುಟಿ ಮಾತ್ರ ಅದೇ ಮಾತಿಗೆ ಅಲುಗಿತು.

ಇನ್ಸ್‌ಪೆಕ್ಟರ್‌ಗೆ ಆಗ ಅರ್ಥವಾಯಿತು. ದನಿ ತಗ್ಗಿಸಿ ಕೇಳಿದ: "ನಿಮ್ಮ ಮಗಳಾ?"

"ಹೌದು."

"ಟೇಪು ಎಲ್ಲಿದೆ?"

"ಟ್ರಂಕಿನಲ್ಲಿ. ಬನ್ನಿ, ಕೊಡ್ತೀನಿ."

ಇಲ್ಲವೆನ್ನಲಿಲ್ಲ, ಅಳಲೂ ಇಲ್ಲ. ದಿಂಬಿನ ಚೀಲದಲ್ಲಿ ಸುತ್ತಿಟ್ಟ ಟೇಪನ್ನು ತಾನೇ ತೆಗೆದುಕೊಟ್ಟಳು. ಹನ್ನೊಂದು ಹತ್ತಕ್ಕೆ ಪಂಚರ ಮುಂದೆ ಅದು ಜಪ್ತಿಯಾಯಿತು.

"ನೀರು ಸುರಿದವರು ಇದನ್ನ ಯಾಕೆ ಉಳಿಸಿದ್ರಿ?"

"ನನ್ನ ಹತ್ರ ಅವಳ ದನಿ ಇರೋದು ಇದೊಂದರಲ್ಲೇ ಸಾರ್. ಇದನ್ನ ಹೇಗೆ ಹಾಳು ಮಾಡ್ಲಿ?"

ಟೇಪಿನಲ್ಲಿರುವುದು ಏನೆಂದು ಪರಿಶೀಲಿಸಿ ದಾಖಲಿಸಬೇಕಿತ್ತು. ಅಂಥ ಟೇಪು ಓಡಿಸುವ ಯಂತ್ರ ಊರಿನಲ್ಲಿ ಉಳಿದಿದ್ದದ್ದು ಕೇಂದ್ರದಲ್ಲಿ ಮಾತ್ರ. ಮಧ್ಯಾಹ್ನ ಎರಡಕ್ಕೆ ಪ್ರಸಾರದ ಕೊಠಡಿಯ ಬಾಗಿಲು ಹಾಕಿ, ಮಾಲೀಕನನ್ನೂ ಪಂಚರನ್ನೂ ಕೂರಿಸಿಕೊಂಡು ಟೇಪು ಹಾಕಿಸಿದರು. ಅಕ್ಕನನ್ನು ಪೇದೆಯ ಜೊತೆ ಅವಳ ಕೋಣೆಯಲ್ಲೇ ಇರಿಸಿದ್ದರು.

ನೇರ ಪ್ರಸಾರಕ್ಕೆ ಕೇಬಲ್ ಎಳೆಯುವ ಮೊದಲು ತೆಗೆದ ಚಿತ್ರ ಅದು. ತರುಣ ವರದಿಗಾರ, ಅಂದರೆ ಈಗಿನ ಮಾಲೀಕ, ಮೈಕು ಹಿಡಿದು ತಾಯಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದ. 'ಕೂಗಿಯಮ್ಮ.' ತಾಯಿ ಮಗಳನ್ನು ಕೂಗಿದಳು. ಒಳಗಿನಿಂದ ಓಗೊಟ್ಟ ದನಿ ಬಂತು. 'ಮೈಕಿಗೆ ಸರಿಯಾಗಿ ಸಿಗಲಿಲ್ಲ, ಇನ್ನೊಂದ್ಸಲ.' ಅವಳು ಮತ್ತೆ ಕೂಗಿದಳು. 'ಅಮ್ಮಾ, ಇಲ್ಲಿದೀನಿ.' ಊರಿಗೆಲ್ಲ ಗೊತ್ತಿರುವುದು ಇಷ್ಟೇ. ಚಿತ್ರ ಮುಂದುವರಿಯಿತು. ಕಲ್ಲು ಎತ್ತುತ್ತಿದ್ದವನೊಬ್ಬ ಹಿಂದಿನಿಂದ ಹೇಳಿದ್ದು ಕೇಳಿಸಿತು: 'ಮಗುವಿಗೆ ಉಸಿರು ಸಾಲ್ತಿಲ್ಲ, ಮಾತಾಡಿಸಬೇಡ್ರಪ್ಪ.' ವರದಿಗಾರ ತಾಯಿಯ ಭುಜ ಹಿಡಿದು ಕ್ಯಾಮೆರಾ ಕಡೆ ತಿರುಗಿಸಿದ. 'ಮುಖ ಕಾಣ್ಲಿಲ್ಲ. ಇದೊಂದ್ಸಲ, ಜೋರಾಗಿ.'

ತಾಯಿ ಮೂರನೇ ಸಲ ಕೂಗಿದಳು. ಉತ್ತರ ಬರಲಿಲ್ಲ.

ಚಹಾದಂಗಡಿಯವನು ಎದ್ದು ಗೋಡೆಯ ಕಡೆ ತಿರುಗಿ ನಿಂತ.

"ಆಗ ನಾವು ಹೊಸಬರು ಸಾರ್," ಎಂದ ಮಾಲೀಕ. "ಆಮೇಲೆ ನಾನೇ ಅವರಿಗೆ ಕೆಲಸ ಕೊಟ್ಟೆ, ಇರೋಕೆ ಜಾಗ ಕೊಟ್ಟೆ. ಊರೆಲ್ಲ ನೋಡಿದೆ."

"ಟಿವಿಯಲ್ಲಿ ಕೊಟ್ರಾ?"

"ಹೌದು, ನೇರ ಪ್ರಸಾರದಲ್ಲಿ."

ಇನ್ಸ್‌ಪೆಕ್ಟರ್ ಅದನ್ನೂ ಬರೆದುಕೊಂಡ.

ಅಕ್ಕನ ಹೇಳಿಕೆ ಎರಡು ಪುಟಕ್ಕೆ ಮುಗಿಯಿತು. ಕೆಲಸ ಬಿಡುತ್ತೇನೆಂದು ಎರಡು ಸಲ ಹೇಳಿದ್ದಳು. 'ಊರಿಗೆ ಏನು ಹೇಳ್ಲಿ' ಎಂದು ಮಾಲೀಕ ಬಿಡಲಿಲ್ಲ. ಬೇರೆ ಕಡೆ ಕೆಲಸ ಕೇಳಿದರೆ 'ಟಿವಿಯವರು ನೋಡ್ಕೋತಾರಲ್ಲ' ಎಂದು ಕಳಿಸಿದರು. ವರ್ಷಕ್ಕೊಂದು ದಿನವಾದರೆ ಕಿವಿಗೆ ಬಟ್ಟೆ ತುರುಕಿಕೊಂಡು ಹೇಗೋ ಕಳೆಯುತ್ತಿದ್ದಳು. ಸೋಮವಾರ ಸಂಜೆ ಮಾಲೀಕ ಒಂದು ಹೊಸ ಸೀರೆ ತಂದುಕೊಟ್ಟ. ಭಾನುವಾರ ಅದನ್ನುಟ್ಟು ವೇದಿಕೆಗೆ ಬಂದು, ಜನರೆದುರು ಮಗಳನ್ನು ಇನ್ನೊಂದು ಸಲ ಕೂಗಬೇಕು ಎಂದ.

"ಮೂರನೇ ಸಲ ಕೂಗಬಾರದಿತ್ತು ಸಾರ್," ಎಂದಳು ಅಕ್ಕ. "ಅವರು ಹೇಳಿದ್ರೂ ನಾನು ಕೂಗಬಾರದಿತ್ತು. ತಾಯಿ ಕೂಗಿದ್ರೆ ಅದು ಓಗೊಡದೆ ಇರುತ್ತಾ? ಇದ್ದಬದ್ದ ಉಸಿರೆಲ್ಲ ನನಗೇ ಖರ್ಚು ಮಾಡ್ತು."

ಸಂಜೆ ನಾಲ್ಕು ಐವತ್ತಕ್ಕೆ, ಹೆಂಗಸರ ಬಂಧನದ ನಿಯಮದಂತೆ ಸೂರ್ಯಾಸ್ತಕ್ಕೆ ಮುಂಚೆ, ಮಹಿಳಾ ಪೇದೆ ಅವಳನ್ನು ಬಂಧಿಸಿದಳು. ಹೊರಬಾಗಿಲಲ್ಲಿ ಮಾಲೀಕ ಕ್ಯಾಮೆರಾ ನಿಲ್ಲಿಸಿದ್ದ. "ಎರಡೇ ನಿಮಿಷ ಸಾರ್, ಒಂದು ಮಾತು." ಗಡಿಯಾರ ಹೋಗಿ ಕ್ಯಾಮೆರಾಕ್ಕೆ ಬೆನ್ನು ಕೊಟ್ಟು ನಿಂತ. ಅವನು ಆರಡಿ ಎತ್ತರ, ಅಗಲವೂ ಕಡಿಮೆಯಿರಲಿಲ್ಲ.

ಠಾಣೆಯಲ್ಲಿ ಕಾಗದಗಳಿಗೆ ಹೆಬ್ಬೆಟ್ಟು ಒತ್ತಿದ ಮೇಲೆ ಅಕ್ಕ ಮೊದಲ ಸಲ ತಾನಾಗಿ ಒಂದು ಪ್ರಶ್ನೆ ಕೇಳಿದಳು.

"ಜೈಲಲ್ಲಿ ಟಿವಿ ಇರುತ್ತಾ ಸಾರ್?"

"ಹೆಂಗಸರ ಕಡೆ ಒಂದಿದೆಯಮ್ಮ."

"ನಮ್ಮೂರಿನ ಚಾನೆಲ್ ಬರುತ್ತಾ?"

ಇನ್ಸ್‌ಪೆಕ್ಟರ್ ಸುಳ್ಳು ಹೇಳಬಹುದಿತ್ತು. "ಬರುತ್ತೆ," ಎಂದ.

ಅವಳು ಶಾಯಿ ಹತ್ತಿದ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಂಡಳು. "ಹಾಗಾದ್ರೆ ನನ್ನನ್ನ ಅಡುಗೆಮನೆ ಕೆಲಸಕ್ಕೆ ಹಾಕಿ ಅಂತ ಒಂದು ಮಾತು ಬರೆದುಕೊಡಿ. ಪಾತ್ರೆ ಸದ್ದಲ್ಲಿ ಏನೂ ಕೇಳ್ಸಲ್ಲ."

ಇನ್ಸ್‌ಪೆಕ್ಟರ್ ಒಂದು ಬಿಳಿ ಹಾಳೆ ಎಳೆದುಕೊಂಡು ಜೈಲಿನ ಅಧಿಕಾರಿಗೆ ಪತ್ರ ಬರೆಯಲು ಕೂತ. ಕಾರಣ ಬರೆಯುವ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಕೊನೆಗೆ, 'ಆರೋಪಿಗೆ ಮಗುವಿನ ದನಿ ಕೇಳಿದರೆ ಓಗೊಡಬೇಕೆನಿಸುತ್ತದೆ' ಎಂದು ಬರೆದು, ಕೆಳಗೆ ಸಹಿ ಹಾಕಿದ.