ಕನ್ನಡಿಯೊಳಗಿನ ಪಾಲು

ನಮ್ಮಜ್ಜಿಯ ಅಜ್ಜಿಗೂ ನೆನಪಿಲ್ಲದ ಕಾಲದಲ್ಲಿ ನೀರಮೊರಡಿ ಎಂಬ ರಾಜ್ಯವಿತ್ತು. ತೀರಾ ಪುಟ್ಟದು. ಒಂದು ಬೆಟ್ಟ, ಒಂದು ಹೊಳೆ, ಹೊಳೆಯ ಪಕ್ಕ ಓಡುವ ಒಂದು ರೈಲು. ರಾಜ ತೀರಿಕೊಂಡ ಮೇಲೆ ಅವನ ಇಬ್ಬರು ಮಕ್ಕಳು ಪಾಲಿಗೆ ಕೂತರು. ಪಾಲು ಮಾಡುವವನು ಅಣ್ಣ, ಮೊದಲು ಆರಿಸಿಕೊಳ್ಳುವವನು ತಮ್ಮ. ಅಲ್ಲಿಯ ಪದ್ಧತಿ ಅದು.

ಅಣ್ಣ ಬೊಮ್ಮರಸನಿಗೆ ಒಂದು ಹಿಡಿ ಮಣ್ಣೂ ಬಿಟ್ಟುಕೊಡುವ ಮನಸ್ಸಿರಲಿಲ್ಲ. ಕಜ್ಜಳನೆಂಬ ಮಾಂತ್ರಿಕನನ್ನು ಕರೆಸಿದ. ಕಜ್ಜಳ ಮೇಜಿನ ಮೇಲೆ ರಾಜ್ಯದ ಮಾದರಿ ಕಟ್ಟಿದ. ಅದರಲ್ಲಿ ಬೆರಳುದ್ದದ ರೈಲು ಹೊಗೆ ಬಿಡುತ್ತಾ ಓಡುತ್ತಿತ್ತು. ಹಳಿ ಮುಗಿಯುವಲ್ಲಿ ಮಾಯದ ಕನ್ನಡಿ ನಿಲ್ಲಿಸಿ, ಅಂಚು ಕಾಣದಂತೆ ಪುಟ್ಟ ಪುಟ್ಟ ಮರ ನೆಟ್ಟ. ಬೆಟ್ಟ ಎರಡಾಯಿತು, ಹೊಳೆ ಉದ್ದವಾಯಿತು, ಹಳಿ ಕಣ್ಣು ಹಾಯುವಷ್ಟು ದೂರ ಹೋಯಿತು. ತಮ್ಮ ಜಕ್ಕರಸನನ್ನು, ಅವನ ಮುಖ ಅವನಿಗೇ ಕಾಣದಂತೆ, ಓರೆಗೆ ಕೂರಿಸಿ, ಮರಗಳ ಈ ಕಡೆ ಒಂದು ಪಾಲು, ಆ ಕಡೆ ಒಂದು ಪಾಲು ಎಂದರು.

"ಅಣ್ಣಾ, ಆ ಕಡೆ ಇಷ್ಟೊಂದು ನೆಲ ಇತ್ತಾ?"

"ಅಪ್ಪ ನಿನಗೆ ಹೇಳಿರಲಿಲ್ಲ, ಅಷ್ಟೆ."

"ಆ ಕಡೆಯ ರೈಲು ಮರದ ತನಕ ಬಂದು ವಾಪಸು ಹೋಗುತ್ತದಲ್ಲ?"

"ಅದು ಆ ಪಾಲಿನ ರೈಲು. ಈ ಗಡಿ ಯಾಕೆ ದಾಟೀತು?"

"ಒಂದ್ಸಲ ಮುಟ್ಟಿ ನೋಡಲಾ?"

ಅಣ್ಣನ ಮುಖ ಸಪ್ಪಗಾಯಿತು. "ನೋಡಪ್ಪಾ. ಎತ್ತಿ ಆಡಿಸಿದವನನ್ನೇ ನಂಬದಿದ್ದರೆ ಮುಟ್ಟಿ ನೋಡು."

ಜಕ್ಕರಸ ನಾಚಿ ಕೈ ಹಿಂದಕ್ಕೆಳೆದುಕೊಂಡ. ಮುಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ, ಪುಣ್ಯಾತ್ಮ. "ಆ ಕಡೆಯದೇ ನನಗಿರಲಿ" ಎಂದ. ಎಂದದ್ದೇ ತಡ, ಕನ್ನಡಿ ಅವನನ್ನು ಒಳಗೆಳೆದುಕೊಂಡಿತು.

ಒಳಗೆ ಗಾಳಿಯಿಲ್ಲ, ಹಸಿರಿಗೆ ವಾಸನೆಯಿಲ್ಲ. ಅವನ ಮೈಯೂ ಅವನದಲ್ಲ. ಅಣ್ಣ ಕನ್ನಡಿಯ ಮುಂದೆ ಏನು ಮಾಡಿದರೂ ಇವನೂ ಅದನ್ನೇ ಮಾಡಬೇಕು. ಮೊದಲ ದಿನ ಅಣ್ಣ ಬಂದು ಮೀಸೆ ತಿರುವಿದ. ಇವನ ಕೈಯೂ ಮೀಸೆಗೆ ಹೋಯಿತು. ಮರುದಿನ ಅಣ್ಣ ಹೋಳಿಗೆ ಮೆದ್ದ. ಇವನ ಬಾಯಿ ಬರಿದೇ ಆಡಿತು. ಮೂರನೆಯ ದಿನ ಅಣ್ಣ "ಪಾಪದವನು, ನಂಬಿಬಿಟ್ಟ" ಎಂದು ನಕ್ಕ. ಮಾಯೆ ಜಕ್ಕರಸನ ತುಟಿ ಹಿಡಿದು ಎಳೆಯಿತು. ಅವನು ನಗಲಿಲ್ಲ, ಅತ್ತ.

ನಗದ ಪ್ರತಿಬಿಂಬ ಕಂಡು ಬೊಮ್ಮರಸ ಹೌಹಾರಿ ಕೈಗೆ ಸಿಕ್ಕ ಎಲೆಯಡಿಕೆ ತಟ್ಟೆ ಎಸೆದ. ಕನ್ನಡಿ ಚೂರಾಯಿತು. ಅದರ ಹೊಳಪಿನಲ್ಲೇ ಜೀವ ಇಟ್ಟುಕೊಂಡಿದ್ದ ಕಜ್ಜಳ ನಿಂತಲ್ಲೇ ಬೂದಿಯಾದ. ಜಕ್ಕರಸ ಹೊರಬಂದ.

ಅಣ್ಣ ಬೆವರುತ್ತಾ ತಮ್ಮನ ಕೈ ಹಿಡಿದುಕೊಂಡ. "ಅರ್ಧ ತಗೋ" ಎಂದ.

ಜಕ್ಕರಸ ಮೇಜು ನೋಡಿದ. ಒಂದು ಬೆಟ್ಟ, ಒಂದು ಹೊಳೆ, ಮೊಳದುದ್ದದ ಹಳಿ.

"ಇಷ್ಟಕ್ಕಾ ಅಣ್ಣಾ?" ಎಂದ.

ಆಮೇಲೆ ನೀರಮೊರಡಿಯ ಜನ ಸುಖವಾಗಿಯೇ ಬಾಳಿದರು, ಮಳೆ ಬೆಳೆಗೆ ಕೊರತೆಯಾಗಲಿಲ್ಲ. ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಉಂಡರು. ಅಣ್ಣ ಕೈಯಾರೆ ಅನ್ನ ಬಡಿಸಿ "ಉಣ್ಣಪ್ಪಾ" ಎನ್ನುತ್ತಿದ್ದ. ತಮ್ಮ ಬದುಕಿರುವವರೆಗೂ ಮೊದಲು ಒಂದೇ ಒಂದು ಬೆರಳು ಚಾಚಿ, ಅನ್ನವೇ ಹೌದಾ ಎಂದು ಮುಟ್ಟಿ ನೋಡಿ, ಆಮೇಲೆ ಕಲಸುತ್ತಿದ್ದ.